ಕುಬೇರನ ಕೋಳಿಸಾರು

ಸುಳ್ಳು ಹೇಳಿದ ಬಾಯಿಗೆ ಹುಳ ಬೀಳುತ್ತದೆ ಎಂದು ಹಿರಿಯರು ಹೇಳಿಟ್ಟು ಹೋದರು. ಸುಳ್ಳು ಹೇಳದಿದ್ದರೆ ಬಾಯಿಗೆ ಕೂಳೇ ಬೀಳದ ಊರುಗಳೂ ಇರುತ್ತವೆ ಎಂಬುದನ್ನು ಪಾಪ, ಅವರು ಕಂಡಿರಲಿಲ್ಲ. ಸುರಪುರದ ಕಡೆಯ ಹಳ್ಳಿಯಿಂದ ಗಂಡನ ಬೆನ್ನು ಹಿಡಿದು ಹೈದರಾಬಾದಿಗೆ ಬಂದ ಗುಂಡಮ್ಮ ಕಂಡಳು. ಗಂಡ ಮೌನಪ್ಪ ಗಚ್ಚಿಬೌಲಿಯಲ್ಲಿ ಮುಗಿಲಿಗೆ ಏಣಿ ಹಾಕಿದಂಥ ಕಟ್ಟಡಗಳಿಗೆ ಸೆಂಟ್ರಿಂಗ್ ಹಲಗೆ ಬಿಗಿಯುತ್ತಿದ್ದ. ಗುಂಡಮ್ಮ ಕೊಂಡಾಪುರದ ಅಪಾರ್ಟ್‌ಮೆಂಟುಗಳಲ್ಲಿ ಅಡುಗೆ ಕೆಲಸ ಹುಡುಕಿ ಹೊರಟಳು. ಎರಡು ಮನೆಯವರು ಅವಳ ಕೈರುಚಿ ಕೇಳಲಿಲ್ಲ, ಅವಳ ಮನೆಯ ಗಡಿಗೆಯಲ್ಲಿ ಏನು ಬೇಯುತ್ತದೆ ಎಂದು ಕೇಳಿದರು. ಇದ್ದದ್ದು ಇದ್ದಹಾಗೆ ಹೇಳಿದಳು, ಬಾಗಿಲು ಹಾಕಿಕೊಂಡರು. ಮೂರನೆಯ ಬಾಗಿಲ ಕರೆಗಂಟೆ ಒತ್ತುವ ಮೊದಲು ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡಳು.

"ಮಾಂಸ ಗೀಂಸ?" ಎಂದು ಕೇಳಿದರು ಆ ಮನೆಯ ಸಾವಿತ್ರಮ್ಮ.

"ಶಿವ ಶಿವಾ ಅನ್ರಿ."

"ತತ್ತಿ?"

"ಅದರ ಹೆಸರು ತಗೊಂಡ್ರ ಬಾಯಿ ಮುಕ್ಕಳಿಸ್ತೀವ್ರಿ ನಾವು."

ಹೀಗೆ ಎರಡೇ ಮಾತಿನಲ್ಲಿ ಕೆಲಸ ಸಿಕ್ಕಿತು. ಸಾವಿತ್ರಮ್ಮನವರ ಗಂಡ ಜಯತೀರ್ಥರಾಯರು ರಾಯಚೂರ ಕಡೆಯವರು. ರಕ್ಷಣಾ ಇಲಾಖೆಯ ಒಂದು ಪ್ರಯೋಗಶಾಲೆಯಲ್ಲಿ ಮೂವತ್ನಾಲ್ಕು ವರ್ಷ ಸೇವೆ ಮಾಡಿ ನಿವೃತ್ತರಾದವರು. ಈಗ ಮಡಿ, ಪಂಚಾಂಗ, ಬೆಳಗಿನ ವಾಕಿಂಗು. ಮಗಳು ಲಹರಿ ಒಳಕೋಣೆಯಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಯಾವುದೋ ದೇಶದ ಕೆಲಸ ಮಾಡುತ್ತಿದ್ದಳು. ದೇವರ ನೈವೇದ್ಯ ಸಾವಿತ್ರಮ್ಮನವರ ಕೈಯದು. ಅದು ಮುಗಿದ ಮೇಲೆ ಮನುಷ್ಯರ ಚಪಾತಿ ಪಲ್ಯ ಗುಂಡಮ್ಮನ ಕೈಯದು.

ಎರಡು ವರ್ಷ ಆ ಸುಳ್ಳನ್ನು ಗುಂಡಮ್ಮ ಎದೆಹಾಲು ಕುಡಿಯುವ ಕೂಸಿನಂತೆ ಕಾಪಾಡಿದಳು. ಭಾನುವಾರ ಅವಳ ಮನೆಯಲ್ಲಿ ಕೋಳಿ ಬೇಯುವುದು. ಸೋಮವಾರ ನಸುಕಿನಲ್ಲಿ ಹುಣಸೆಹಣ್ಣು ಹಚ್ಚಿ ಕೈ ತಿಕ್ಕಿ, ಎರಡು ಲವಂಗ ದವಡೆಗೆ ಒತ್ತಿಕೊಂಡು, ಹಣೆಗೆ ಭಸ್ಮ ಎಳೆದುಕೊಂಡು ಅವಳು ಕೊಂಡಾಪುರದ ಲಿಫ್ಟು ಹತ್ತುವಳು. ದೇವರಿಗೆ ಎಲ್ಲ ಗೊತ್ತಿತ್ತು. ಆದರೆ ದೇವರು ಮನೆ ಮನೆಗೆ ಹೋಗಿ ಚಾಡಿ ಹೇಳುವವನಲ್ಲ. ಆ ಕೆಲಸಕ್ಕೆಂದೇ ನೆರೆಹೊರೆಯವರನ್ನು ಸೃಷ್ಟಿ ಮಾಡಿಟ್ಟಿದ್ದಾನೆ. ಗುಂಡಮ್ಮನ ಭಯವೆಲ್ಲ ಅದೇ. ಗುಟ್ಟು ಒಡೆದರೆ ಈ ಮನೆಯಷ್ಟೇ ಅಲ್ಲ, ಆ ಕಟ್ಟಡದ ನಲವತ್ತು ಬಾಗಿಲೂ ಒಮ್ಮೆಗೇ ಮುಚ್ಚುವವು.

ಆ ಮನೆಯಲ್ಲಿ ಒಂದು ನಾಯಿ ಇತ್ತು. ಲಹರಿ ತಂದದ್ದು. ಇಂಗ್ಲಿಷಿನವರ ಹೆಸರು ಬೇಡ, ಹೊಲಸು ತಿನಿಸು ಬೇಡ ಎಂಬ ಎರಡು ಕರಾರಿನ ಮೇಲೆ ಸಾವಿತ್ರಮ್ಮ ಅದನ್ನು ಒಳಗೆ ಬಿಟ್ಟುಕೊಂಡಿದ್ದರು. ಕುಬೇರ ಎಂದು ಹೆಸರಿಟ್ಟು ಮೊಸರನ್ನ ಹಾಕಿ ಬೆಳೆಸಿದರು. "ನಮ್ಮ ಕುಬೇರಂದು ಭಾಳ ಸಾತ್ವಿಕ ಸ್ವಭಾವ" ಎಂದು ಎದುರು ಮನೆಯ ಸುಮಂಗಲಾ ಅವರ ಭಜನಾ ಮಂಡಳಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಆ ಸಾತ್ವಿಕ ಪ್ರಾಣಿ ಒಂದು ದಿನ ದೇವರಮನೆಗೆ ನುಗ್ಗಿ, ತುಪ್ಪದಲ್ಲಿ ನೆನೆಸಿಟ್ಟಿದ್ದ ಲಕ್ಷಬತ್ತಿಯ ಹೂಬತ್ತಿಗಳಲ್ಲಿ ಅರ್ಧ ಡಬ್ಬಿಯಷ್ಟನ್ನು ಒಂದೇ ಉಸಿರಿಗೆ ನುಂಗಿತು. ಪಾಪ, ಹುಟ್ಟಿದಂದಿನಿಂದ ಜಿಡ್ಡಿನ ವಾಸನೆ ಬಂದದ್ದು ಅದೊಂದರಲ್ಲೇ. ಹೊಟ್ಟೆ ಕೊಯ್ದು ಬತ್ತಿ ತೆಗೆಯಬೇಕಾಯಿತು.

ಕೊಯ್ದ ಡಾಕ್ಟರು ತೆಲುಗಿನವರು. ಇನ್ನು ಇಪ್ಪತ್ತೊಂದು ದಿನ ಮನೆಯಲ್ಲೇ ಕಾಸಿದ ಕೋಳಿ ಸ್ಟಾಕು, ಅಂದರೆ ಎಲುಬಿನ ರಸ ಕುಡಿಸಿ, ಬೇರೆ ಯಾವುದೂ ಬೇಡ ಎಂದು ಚೀಟಿ ಬರೆದುಕೊಟ್ಟರು. ಸಾವಿತ್ರಮ್ಮ ಮನೆಗೆ ಬಂದವರೇ ಕುರ್ಚಿಯ ಮೇಲೆ ಕುಸಿದು ಕೂತರು.

"ಹೆಸರುಬ್ಯಾಳಿ ಕಟ್ಟು ನಡೀತದೇನ್ರಿ ಅಂತ ಕೇಳಿದೆ. 'ಅಮ್ಮಾ, ಅದು ನಾಯಿ, ಪೂಜಾರಿ ಅಲ್ಲ' ಅಂದ ಆ ಮನಷ್ಯಾ, ಎಲ್ಲಾರ ಮುಂದ."

ರಾಯರು ಕನ್ನಡಕ ಏರಿಸಿ ಚೀಟಿ ಓದಿದರು. ಓದುತ್ತಾ ಓದುತ್ತಾ ಅವರ ಮುಖ ಅರಳಿತು.

"ಸಾವಿತ್ರಿ, ಇಲ್ಲಿ ಕೇಳು. ಉಳ್ಳಾಗಡ್ಡಿ ಹಾಕಬಾರದಂತ, ನಾಯಿಗೆ ವಿಷ. ಬಳ್ಳೊಳ್ಳಿ ಹಾಕಬಾರದಂತ, ಅದೂ ವಿಷ. ಉಪ್ಪೂ ಬ್ಯಾಡಂತ. ಎಲ್ಲಾ ಶಾಸ್ತ್ರಪ್ರಕಾರನ ಅದ. ಕೋಳಿ ಒಂದು ಬಿಟ್ರ ಪೂರಾ ಮಡಿ ಅಡಗಿ ಇದು."

ಗುಂಡಮ್ಮ ಅಡುಗೆಮನೆಯ ಬಾಗಿಲಲ್ಲಿ ಬೆಂಡೆಕಾಯಿ ಹೆಚ್ಚುತ್ತಾ ತಲೆ ತಗ್ಗಿಸಿದಳು. ನಗು ಬಂದರೆ ಅವಳಿಗೆ ಹೆಗಲು ಕುಣಿಯುವ ಚಾಳಿ.

ಮರುದಿನ ಬಾಲ್ಕನಿಯಲ್ಲಿ ಯಜ್ಞ ಶುರುವಾಯಿತು. ಹೊಸ ಒಲೆ, ಹೊಸ ಕುಕ್ಕರು, ಹೊಸ ಚಮಚ. ಇವೆಲ್ಲ ಇಪ್ಪತ್ತೊಂದು ದಿನದ ಮೇಲೆ ಯಾರಿಗಾದರೂ ದಾನ. ಕೋಳಿ ಫೋನಿನಲ್ಲಿ ತರಿಸುವುದೆಂದಾಯಿತು. ಆದರೆ ಅದು ತಲಬಾಗಿಲಿನಿಂದ ಬಂದರೆ ದೇವರಮನೆಯ ಮುಂದೆ ಹಾಯಬೇಕು. ಆದ್ದರಿಂದ ಲಹರಿ ನಾಲ್ಕನೇ ಅಂತಸ್ತಿನ ಬಾಲ್ಕನಿಯಿಂದ ಬಟ್ಟೆ ಒಣಹಾಕುವ ಹಗ್ಗ ಇಳಿಬಿಟ್ಟಳು. ಕೆಳಗೆ ಕಾವಲುಗಾರ ಅಂಬಾದಾಸ ಚೀಲ ಕಟ್ಟಿ, "ಎಳೀರಿ ಅಕ್ಕಾರ" ಎಂದು ಕೂಗಿದ. ಒಂದೊಂದು ಅಂತಸ್ತಿನ ಬಾಲ್ಕನಿಯಿಂದಲೂ ಜನ ಬಗ್ಗಿ ನೋಡುತ್ತಿದ್ದಂತೆ ಕೋಳಿ, ಜೀವವಿದ್ದಾಗ ಹಾರದಷ್ಟು ಎತ್ತರಕ್ಕೆ, ಗಂಭೀರವಾಗಿ ಏರಿತು.

ಚೀಲ ಬಿಚ್ಚಿದಾಗ ಗುಂಡಮ್ಮ ದೂರದಿಂದಲೇ ಇಣುಕಿದಳು. ಬೆಳ್ಳಗೆ, ನುಣ್ಣಗೆ, ಸಾಬೂನಿನ ತುಂಡಿನಂಥ ಮಾಂಸ. ಒಂದು ಎಲುಬಿಲ್ಲ, ಒಂದು ಚರ್ಮದ ಚೂರಿಲ್ಲ. ಎಲುಬು ಕಂಡರೆ ಜೀವ ನೆನಪಾಗುತ್ತದೆ, ಅದು ಮನೆಯೊಳಗೆ ಬರಕೂಡದು ಎಂದು ಸಾವಿತ್ರಮ್ಮ ಅಪ್ಪಣೆ ಮಾಡಿದ್ದರು. ಎಲುಬಿನ ರಸಕ್ಕೆ ಎಲುಬಿಲ್ಲದ ಕೋಳಿ. ಬೇರಿಲ್ಲದ ಗಿಡಕ್ಕೆ ನೀರು ಹಾಕಿದಂತೆ, ಎಂದುಕೊಂಡಳು ಗುಂಡಮ್ಮ. ನಾಲಿಗೆ ತುದಿಗೆ ಬಂದ ಮಾತನ್ನು ಲವಂಗದ ಜೊತೆ ಕಚ್ಚಿ ನುಂಗಿದಳು.

ಲಹರಿ ಮೂಗಿಗೆ ಮಾಸ್ಕು, ಕೈಗೆ ಗ್ಲೌಸು ಹಾಕಿ ಮಾಂಸವನ್ನು ಅರಿಶಿನ ನೀರಿನಲ್ಲಿ ಏಳು ಸಲ ತೊಳೆದಳು. ಇದ್ದ ಬದ್ದ ಸತ್ವವೆಲ್ಲ ಚರಂಡಿಗೆ ಹೋಯಿತು. ತೊಗರಿಬೇಳೆಗೆ ಮೂರು ಸೀಟಿಯಾದರೆ ಕೋಳಿಗೆ ಐದು ಎಂದು ಲೆಕ್ಕ ಹಾಕಿ ಕುಕ್ಕರು ಕೂಗಿಸಿದರು. ಸಾವಿತ್ರಮ್ಮ ದೇವರಮನೆಯ ಬಾಗಿಲು ಹಾಕಿಕೊಂಡು, ಒಳಗಿನಿಂದಲೇ ಕೇಳಿದರು:

"ಒಗ್ಗರಣಿ ಕೊಟ್ಟ್ರೇನು?"

"ಡಾಕ್ಟರ್ ಹೇಳಿಲ್ಲಮ್ಮ" ಎಂದಳು ಲಹರಿ.

"ಡಾಕ್ಟರ್‌ಗೆ ಏನು ತಿಳೀತದ? ಒಗ್ಗರಣಿ ಇಲ್ಲದ ಸಾರು ಹಸೀ ನಾರ್ತದ. ಒಂದೀಟು ಇಂಗು ಹಾಕು."

ಒಗ್ಗರಣೆ ಚುಯ್ ಎಂದಿತು. ಕರಿಬೇವು, ಸಾಸಿವೆ ತೇಲುವ ಆ ನೀರನ್ನು, ಸಾವಿತ್ರಮ್ಮನವರೂ ಹೊರಗೆ ಬಂದ ಮೇಲೆ, ಕುಬೇರನ ಮುಂದಿಟ್ಟರು. ಅದು ಮೂಸಿತು. ಮೂವರ ಮುಖವನ್ನೂ ಒಂದು ಸುತ್ತು ನೋಡಿತು, ಮಗಳ ಮನೆಗೆ ಬರಿಗೈಯಲ್ಲಿ ಬಂದ ಬೀಗರನ್ನು ನೋಡುವ ಹಾಗೆ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿತು.

"ನೊರಿ ತೆಗೀಲಿಲ್ಲ ನೀವು" ಎಂದರು ರಾಯರು ಹಿಂದಿನಿಂದ, ತಮ್ಮಷ್ಟಕ್ಕೇ. "ಕಾಲು ಇಲ್ಲದ ಅಂಟು ಹ್ಯಾಂಗ ಬಂದೀತು."

ಅಡುಗೆಮನೆಯ ಬಾಗಿಲಲ್ಲಿ ಕಾಯಿಪಲ್ಯ ಹೆಚ್ಚುತ್ತಿದ್ದ ಗುಂಡಮ್ಮ ತಲೆ ಎತ್ತಿದಳು. "ಯಾರ ಕಾಲ್ರಿ ರಾಯರ?"

ರಾಯರು ಕೆಮ್ಮಿದರು. "ಯಾವದೋ ಪುಸ್ತಕದಾಗ ಓದಿದ್ದೆ. ನೀ ನಿನ್ನ ಕೆಲಸ ನೋಡು."

ಮೂರು ದಿನ ಹೀಗೇ ನಡೆಯಿತು. ಕುಬೇರನ ಪಕ್ಕೆಲುಬು ಎಣಿಸಲು ಬರುವಂತಾದವು. ಅದು ಗುಂಡಮ್ಮ ಕಸ ಗುಡಿಸುವಾಗ ಬಾಲವನ್ನು ಅರ್ಧ ಎತ್ತಿ, ಪೂರ್ತಿ ಎತ್ತಲಾಗದೆ ಕೆಳಗೆ ಬಿಡುವುದು. ಮೂಕಪ್ರಾಣಿಯ ಹಸಿವು ಕಂಡೂ ಸುಮ್ಮನಿರುವುದು ಕೋಳಿ ತಿನ್ನುವುದಕ್ಕಿಂತ ದೊಡ್ಡ ಪಾಪ ಎಂದು ಅವಳ ಅಜ್ಜಿ ಹೇಳುತ್ತಿದ್ದಳು. ಅಜ್ಜಿಗೆ ಎರಡರ ಅನುಭವವೂ ಇತ್ತು. ಆದರೆ ಬಾಯಿ ಬಿಟ್ಟರೆ ಬಣ್ಣಗೇಡು. ನಾಲ್ಕನೆಯ ದಿನ ಗುಂಡಮ್ಮ ಹಳೆಯ ಸುಳ್ಳಿಗೆ ಒಂದು ಹೊಸ ಸುಳ್ಳಿನ ಆಸರೆ ಕೊಟ್ಟಳು.

"ಅಮ್ಮಾರ, ನಮ್ಮ ಓಣ್ಯಾಗ ಶಿವಗಂಗಾ ಅಂತ ಒಬ್ಬಾಕಿ ಅದಾಳ್ರಿ. ಇಂಥಾವೆಲ್ಲ ಆಕಿಗೆ ಬರ್ತಾವು. ಮಾಡಿಸಿ ತರಲೇನ್ರಿ?"

"ನೀ ಮುಟ್ಟಂಗಿಲ್ಲ ಹೌದಲ್ಲೊ?"

"ಬಟ್ಟಿ ಸುತ್ತಿ, ಮಾರು ದೂರ ಹಿಡಕೊಂಡು ಬರ್ತೀನ್ರಿ."

"ಆಕಿಗೆ ಜಳಕ ಮಾಡಿ ಒಲಿ ಹಚ್ಚು ಅಂತ ಹೇಳು."

"ಹೇಳ್ತೀನ್ರಿ. ಮಾತು ಕೇಳೂವಾಕಿ ಅದಾಳು."

ಸಂಜೆ ಗುಂಡಮ್ಮ ತನ್ನ ಓಣಿಯ ಹುಸೇನಪ್ಪನ ಕೋಳಿ ಅಂಗಡಿಗೆ ಹೋದಳು. ಅಲ್ಲಿ ಮಾಂಸವನ್ನು ಕಣ್ಣೆತ್ತಿಯೂ ನೋಡದೆ ಕಾಲು, ಗೋಣು, ಬೆನ್ನೆಲುಬಿನ ಗೂಡು ಕೇಳಿದಳು.

"ಮೌನಪ್ಪಗ ಏನರ ಶಿಕ್ಷಾ ಕೊಟ್ಟೀಯೇನವ್ವ?" ಎಂದ ಹುಸೇನಪ್ಪ.

"ನಾಯಿಗೆ. ಮಡಿವಂತರ ಮನೀದು."

"ಮಡಿವಂತರದೇನು? ತಡಿ ಹಂಗಂದ್ರ, ಚಲೋ ಕಾಲು ಆರಿಸಿ ಕೊಡ್ತೀನಿ."

ಕಾಲುಗಳನ್ನು ಅವಳು ಉರಿಯ ಮೇಲೆ ಹಿಡಿದು, ಮೇಲಿನ ಹಳದಿ ಸಿಪ್ಪೆಯನ್ನು ಕಾಲ್ಚೀಲ ಕಳೆದಂತೆ ಕಳೆದಳು. ಉಗುರು ಕತ್ತರಿಸಿದಳು. ಎಲುಬಿನ ಗೂಡನ್ನು ಕಲ್ಲಿನ ಮೇಲಿಟ್ಟು ಜಜ್ಜಿದಳು. ಒಳಗಿನ ಕೆಂಪು ಮಜ್ಜೆ ನೀರಿಗೆ ಇಳಿಯಬೇಕಲ್ಲ. ಎಲ್ಲವೂ ಮುಳುಗಿ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ತಣ್ಣೀರು ಹಾಕಿದಳು. ಬಿಸಿನೀರು ಹಾಕಿದರೆ ಎಲುಬು ಬಾಯಿ ಮುಚ್ಚಿಕೊಳ್ಳುತ್ತದೆ, ತಣ್ಣೀರಿನಲ್ಲಿ ಕೂತು ಮೆಲ್ಲಗೆ ಬಿಸಿಯಾದರೆ ತನ್ನ ಕಥೆಯೆಲ್ಲ ಹೇಳುತ್ತದೆ. ಉರಿ ಸಣ್ಣದು ಮಾಡಿದಳು. ಬೂದುಬಣ್ಣದ ನೊರೆ ಮೇಲೆ ಬಂದಾಗಲೆಲ್ಲ ಸೌಟಿನ ಅಂಚಿನಿಂದ ತೆಗೆದು ಚೆಲ್ಲಿದಳು. ನೀರು ಕೊತಕೊತ ಕುದಿಯಬಾರದು. ಮಲಗಿದ ಕೂಸಿನ ಹೊಟ್ಟೆಯಂತೆ ಏರಿ ಇಳಿಯಬೇಕು. ಅಭ್ಯಾಸಬಲದಿಂದ ಕೈ ಎರಡು ಸಲ ಬೆಳ್ಳುಳ್ಳಿಯ ಬುಟ್ಟಿಗೆ ಹೋಯಿತು, ಎರಡು ಸಲವೂ ತಾನೇ ತನ್ನ ಕೈಗೆ ಹೊಡೆದುಕೊಂಡಳು. ಮೂರು ತಾಸಿನ ಮೇಲೆ ತೆಳುಬಟ್ಟೆಯಲ್ಲಿ ಸೋಸಿದಳು. ಹೊನ್ನಿನ ಬಣ್ಣದ ತಿಳಿಸಾರು.

ಮೌನಪ್ಪ ಆಸೆಯಿಂದ ಒಂದು ಚಮಚ ಬಾಯಿಗೆ ಹಾಕಿಕೊಂಡು ಹೊರಗೆ ಹೋಗಿ ಉಗುಳಿ ಬಂದ.

"ಉಪ್ಪಿಲ್ಲ, ಬಳ್ಳೊಳ್ಳಿ ಇಲ್ಲ. ಇದೇನು ಕೋಳಿ ಜಳಕ ಮಾಡಿದ ನೀರೇನು?"

ಬೆಳಗ್ಗೆ ಮೇಲಿನ ಕೊಬ್ಬು ತೆಗೆದಾಗ ಕೆಳಗಿನ ಸಾರು ಹೆಪ್ಪುಗಟ್ಟಿ, ಬೆರಳು ತಾಗಿಸಿದರೆ ನಡುಗುತ್ತಿತ್ತು. ಅದನ್ನು ಸ್ಟೀಲಿನ ಡಬ್ಬಿಗೆ ತುಂಬಿ ಕೊಂಡಾಪುರಕ್ಕೆ ಒಯ್ದು, ಬಾಲ್ಕನಿಯಲ್ಲಿ ಬೆಚ್ಚಗೆ ಮಾಡಿ ಕುಬೇರನ ಮುಂದಿಟ್ಟಳು. ಕುಬೇರ ಮೂಸಿತು. ಅದರ ಕಣ್ಣು ದೊಡ್ಡದಾಯಿತು. ಹುಟ್ಟಿದಂದಿನಿಂದ ತನ್ನಿಂದ ಏನು ಮುಚ್ಚಿಟ್ಟಿದ್ದರು ಎಂಬುದು ಅದಕ್ಕೆ ಆ ಕ್ಷಣ ತಿಳಿಯಿತು. ಬಟ್ಟಲನ್ನು ಗೋಡೆಯವರೆಗೆ ನೂಕಿಕೊಂಡು ಹೋಗಿ ನೆಕ್ಕಿತು.

ಅಂದಿನಿಂದ ಇಲ್ಲದ ಶಿವಗಂಗಾಳ ಕೀರ್ತಿ ಬೆಳೆಯಿತು. "ಕೈಗುಣ ಅಂದ್ರ ಅದು" ಎಂದರು ಸಾವಿತ್ರಮ್ಮ. ಆಕೆಗೆಂದು ಒಂದು ಕುಪ್ಪಸದ ಕಣ, ಎರಡು ತೆಂಗಿನಕಾಯಿ ಕಳಿಸಿದರು. ಅಮಾವಾಸ್ಯೆಯ ದಿನ ಆಕೆ ತಲೆಗೆ ಎರೆದುಕೊಂಡಳೋ ಇಲ್ಲವೋ ಎಂದು ವಿಚಾರಿಸಿದರು. ಗುಂಡಮ್ಮ ಆಕೆಯ ಪರವಾಗಿ ತಲೆಗೆ ಎರೆದುಕೊಂಡು, ಆಕೆಯ ಪರವಾಗಿ ಕುಪ್ಪಸ ಹೊಲಿಸಿಕೊಂಡಳು. "ನಾವು ಮಾಡಿದ್ದು ಮುಟ್ಟಲಿಲ್ಲ ನೋಡು. ಅವರವರ ಜಾತಿಗೆ ಅದು ಒಲೀತದ" ಎಂದು ಸಾವಿತ್ರಮ್ಮ ನಿಟ್ಟುಸಿರಿಟ್ಟಾಗ, ಗುಂಡಮ್ಮ ಅವರದೇ ಚಪಾತಿಯನ್ನು ಅದೇ ಕೈಯಿಂದ ಲಟ್ಟಿಸುತ್ತಾ "ಹೌದ್ರಿ" ಎಂದಳು.

ಎಂಟು ದಿನ ಕಳೆದ ಮೇಲೆ ರಾಯರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಗುಂಡಮ್ಮ, ಆ ಶಿವಗಂಗಾಗ ಹೇಳು. ಸ್ವಲ್ಪ ಹೆಚ್ಚು ಕಳಸು ಅಂತ. ಕುಬೇರಗ ಸಾಲವಲ್ದು."

ಮರುದಿನ ಎರಡು ಡಬ್ಬಿ ತಂದಳು. ಎರಡೂ ಖಾಲಿಯಾದವು. ಮತ್ತೆರಡು ದಿನಕ್ಕೆ ರಾಯರು ಮತ್ತೆ ಬಂದರು.

"ಒಂದೆರಡು ಮೆಣಸಿನಕಾಳು ಕುಟ್ಟಿ ಹಾಕಿದ್ರ ಹ್ಯಾಂಗ? ಅವಂಗ ಸಪ್ಪಗ ಅನಸ್ತದ."

"ಯಾರಿಗ್ರಿ?"

"ಕುಬೇರಗ."

"ಅಂವ ಅಂದನೇನ್ರಿ?"

"ಮುಖ ನೋಡಿದ್ರ ತಿಳೀತದಲ್ಲ" ಎಂದು ರಾಯರು ಪಂಚಾಂಗದ ಕಡೆ ಹೊರಟುಹೋದರು. ಗುಂಡಮ್ಮ ಮೆಣಸು ಹಾಕಲಿಲ್ಲ. ಡಾಕ್ಟರ ಚೀಟಿ ಅವಳಿಗೆ ರಾಯರ ಮಾತಿಗಿಂತ ದೊಡ್ಡದು. ಆದರೆ ಅವಳ ಮನಸ್ಸಿನಲ್ಲಿ ಒಂದು ಇರುವೆ ಹರಿದಾಡಿತು.

ಆಷಾಢದ ಏಕಾದಶಿ ಬಂತು. ಇಡೀ ಹೈದರಾಬಾದು ಬೋನಾಲು ಜಾತ್ರೆಯ ಗದ್ದಲದಲ್ಲಿ ಕೋಳಿ ಕುರಿ ಕೊಂಡು ಓಡಾಡುತ್ತಿದ್ದಾಗ ರಾಯರ ಮನೆಯಲ್ಲಿ ಒಲೆಯೇ ಹೊತ್ತಲಿಲ್ಲ. ಆ ದಿನ ನೀರು ಕೂಡ ಮುಟ್ಟದೆ ಹರಿಯ ಹೆಸರಿನಲ್ಲಿ ಇರುವವರನ್ನು ಕಂಡರೆ ಗುಂಡಮ್ಮನಿಗೆ ನಿಜವಾದ ಭಕ್ತಿ. ಹೊಟ್ಟೆಯನ್ನು ಗೆಲ್ಲುವುದು ಸಣ್ಣ ಮಾತಲ್ಲ. ಸಾವಿತ್ರಮ್ಮನವರ ಒಣಗಿದ ತುಟಿ ನೋಡಿ ಮನಸ್ಸಿನಲ್ಲೇ ಕೈ ಮುಗಿದಳು. ಅಂದು ಅವಳಿಗೆ ಕೆಲಸವೆಂದರೆ ಕಸ, ನೆಲ, ಮತ್ತು ಕುಬೇರ. ನಾಯಿಗೆ ಗುಳಿಗೆ ಕೊಟ್ಟು, ಹನ್ನೊಂದು ಗಂಟೆಗೆ ಸಾರು ಕುಡಿಸಬೇಕು. ಸಾರು ಬೆಚ್ಚಗೆ ಮಾಡಿ ಡಬ್ಬಿಯ ಬಾಯಿ ಮುಚ್ಚಿ ಬಾಲ್ಕನಿಯ ಮೇಜಿನ ಮೇಲಿಟ್ಟಳು. ಉಪವಾಸದ ಮನೆಯಲ್ಲಿ ಬಿಸಿಯಾದ ಪದಾರ್ಥ ಅದೊಂದೇ.

ಹತ್ತೂವರೆಗೆ ರಾಯರು ಕಾಚಿಗೂಡದ ಕಡೆಯ ಮಠದಿಂದ ಬಂದರು. ವರ್ಷಕ್ಕೊಮ್ಮೆ ಸ್ವಾಮಿಗಳು ಶಂಖ ಚಕ್ರದ ಮುದ್ರೆ ಕಾಸಿ ಒತ್ತುವ ದಿನ ಅದು. ರಾಯರ ಎರಡೂ ತೋಳಿನ ಮೇಲೆ ಮುದ್ರೆ ಕೆಂಪಗೆ ಎದ್ದಿತ್ತು.

"ಉರೀತದೇನ್ರಿ?" ಎಂದು ಭಕ್ತಿಯಿಂದ ಕೇಳಿದರು ಸುಮಂಗಲಾ. ಅವರು ಸಾವಿತ್ರಮ್ಮನವರೊಂದಿಗೆ ಹಜಾರದಲ್ಲಿ ಹಾಡು ಹೇಳುತ್ತಾ ಕೂತಿದ್ದರು.

"ದೇಹ ಉರಿದ್ರ ಪಾಪ ಉರೀತದ" ಎಂದರು ರಾಯರು. "ಸ್ವಲ್ಪ ಗಾಳಿಗೆ ಹಿಡೀತೀನಿ" ಎಂದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು.

ಹನ್ನೊಂದಕ್ಕೆ ಗುಂಡಮ್ಮ ಬಾಲ್ಕನಿಗೆ ಹೋದಾಗ ಅಲ್ಲಿ ಯಾರೂ ಇರಲಿಲ್ಲ. ಡಬ್ಬಿ ಖಾಲಿಯಾಗಿತ್ತು. ಬಟ್ಟಲು ಒಣಗಿತ್ತು. ಕುಬೇರ ಸರಪಳಿಯ ತುದಿಯವರೆಗೆ ಬಂದು, ಮೇಜಿನ ಕಡೆ ಕತ್ತು ಚಾಚಿ, ತೀರಾ ಸಣ್ಣ ದನಿಯಲ್ಲಿ ಅಳುತ್ತಿತ್ತು. ಅದರ ದನಿಗೆ ಸಾವಿತ್ರಮ್ಮ ಎದ್ದು ಬಂದರು. ಖಾಲಿ ಡಬ್ಬಿ ನೋಡಿದರು, ಗುಂಡಮ್ಮನನ್ನು ನೋಡಿದರು.

"ಎಲ್ಲಿ ಹೋತು?"

"ಗೊತ್ತಿಲ್ರಿ. ಈಗ ಬಂದೆ."

"ನಾಯಿ ಕಟ್ಟಿದಾಂಗ ಅದ. ಹಾರಿ ಹೋಗಲಿಕ್ಕೆ ಅದೇನು ಕಾಗಿ ಏನು?" ಸಾವಿತ್ರಮ್ಮನವರ ದನಿ ತಗ್ಗಿತು, ತಗ್ಗಿದ್ದೇ ಹೆಚ್ಚು ಭಯ ಹುಟ್ಟಿಸಿತು. "ನೀ ಕುಡದಿ."

"ನಾ ಯಾಕ ಕುಡೀಲ್ರಿ?"

"ಮತ್ತ ಈ ಮನ್ಯಾಗ ಅದನ್ನ ಬಾಯಿಗೆ ಹಚ್ಚೂವರು ಯಾರಿದ್ದಾರ? ನನಗ ಒಂದೆರಡು ಸಲ ಸಂಶಯ ಬಂದಿತ್ತು. ಆ ಶಿವಗಂಗಾಗ ಫೋನ್ ಹಚ್ಚು. ಎಷ್ಟು ಕಳಿಸಿದ್ಲು, ನೀ ಹಾದ್ಯಾಗ ಎಷ್ಟು ಕುಡದಿ, ಎಲ್ಲಾ ಆಕಿನ್ನ ಕೇಳ್ತೀನಿ. ಹಚ್ಚು ಈಗ."

ಗುಂಡಮ್ಮ ಸೆರಗಿನ ತುದಿಯಲ್ಲಿ ಕಟ್ಟಿದ್ದ ಫೋನು ಬಿಚ್ಚಿದಳು. ಇಲ್ಲದವಳ ನಂಬರು ಎಲ್ಲಿಂದ ತರುವುದು? ಮತ್ತೊಂದು ಸುಳ್ಳು ಹುಡುಕಿದರೆ ಸಿಗುತ್ತಿತ್ತು, ಅವಳಿಗೆ ಈಗ ಅಭ್ಯಾಸವಾಗಿತ್ತು. ಆದರೆ ಎರಡು ವರ್ಷ ಹೊತ್ತ ಹೊರೆ ಒಮ್ಮೊಮ್ಮೆ ತಾನೇ ಜಾರುತ್ತದೆ, ಹೊತ್ತವರಿಗೆ ಕೇಳುವುದಿಲ್ಲ.

"ಶಿವಗಂಗಾ ಅನ್ನಾಕಿ ಇಲ್ರಿ ಅಮ್ಮಾರ. ನಾನ ಮಾಡೀನಿ. ನಮ್ಮ ಒಲಿ ಮ್ಯಾಲೆ, ನನ್ನ ಕೈಯಿಂದ. ನಾವು ತಿನ್ನೂ ಮಂದಿನ ಅದೀವಿ. ಮದ್ಲಿಂದ ತಿಂತೀವಿ."

ಸಾವಿತ್ರಮ್ಮ ಬಾಲ್ಕನಿಯ ಕಟಾಂಜನದ ಕಂಬಿ ಹಿಡಿದುಕೊಂಡರು.

"ಅದು ಖರೆ. ಆದ್ರ ಇದನ್ನ ನಾ ಕುಡದಿಲ್ರಿ" ಎಂದಳು ಗುಂಡಮ್ಮ. "ಬೇಕಾಗಿದ್ರ ನಮ್ಮ ಮನ್ಯಾಗ ಖಾರ ಮಸಾಲಿ ಹಾಕಿ ಗಡಿಗಿ ತುಂಬ ಕುಡೀತಿದ್ದೆ. ಉಪ್ಪಿಲ್ಲದ್ದು, ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲದ್ದು ಕೋಳಿಸಾರು ನಮ್ಮ ಮಂದಿ ನಾಲಿಗಿ ಮ್ಯಾಲೆ ಇಡಂಗಿಲ್ರಿ. ನನ್ನ ಗಂಡ ಒಂದು ಚಮಚ ಹಾಕ್ಕೊಂಡು ಉಗುಳ್ಯಾನ. ಇಂಥಾದ್ದು ಕುಡದು ಜೀರ್ಣ ಮಾಡ್ಕೊಳ್ಳವರು ಬಳ್ಳೊಳ್ಳಿ ಮುಟ್ಟಲಾರದವರ ಆಗಿರಬೇಕ್ರಿ."

ಸಾವಿತ್ರಮ್ಮ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವರ ಕಣ್ಣು ತುಳಸಿಕುಂಡದ ಹಿಂದೆ ಹೋಯಿತು. ಅಲ್ಲಿ ಒಂದು ಸಣ್ಣ ಬೆಳ್ಳಿಯ ಭರಣಿ, ಮುಚ್ಚಳ ತೆರೆದದ್ದು. ಅದು ಅವರದೇ ದೇವರಮನೆಯ ಗೂಡಿನದು. ಎತ್ತಿ ನೋಡಿದರು. ಒಳಗೆ ಕಲ್ಲುಸಕ್ಕರೆಯಂಥ ಉಪ್ಪಿನ ಹರಳು.

"ನಾಯಿಗೆ ಉಪ್ಪು ಹಾಕಬಾರದು ಅಂತ ಡಾಕ್ಟರ್ ಹೇಳ್ಯಾರ" ಎಂದರು ಸಾವಿತ್ರಮ್ಮ ನಿಧಾನವಾಗಿ. "ಇಲ್ಲಿ ಉಪ್ಪು ಯಾಕ ಬಂತು? ಏಕಾದಶಿ ದಿನ ಉಪ್ಪು ಮುಟ್ಟಿದವರು ಯಾರು?"

"ಅದು ಸೈಂಧವಲವಣ" ಎಂದಿತು ಬಾಗಿಲಿನಿಂದ ಒಂದು ದನಿ. ರಾಯರು ನಿಂತಿದ್ದರು. ಶಾಸ್ತ್ರದಲ್ಲಿ ಯಾರಾದರೂ ತಪ್ಪು ಹೇಳಿದರೆ ತಿದ್ದದೆ ಇರುವುದು ಅವರ ಕೈಲಾಗುತ್ತಿರಲಿಲ್ಲ. "ಏಕಾದಶಿಗೆ ಅದಕ್ಕ ದೋಷ ಇಲ್ಲ."

ಹೇಳಿದ ಮೇಲೆ ಅವರಿಗೆ ತಾವು ಏನು ಹೇಳಿದೆವೆಂದು ತಿಳಿಯಿತು. ಅವರ ಮೀಸೆಯ ಮೇಲೆ ಒಂದು ಎಳೆ ಜಿಡ್ಡು ಬಿಸಿಲಿಗೆ ಹೊಳೆಯುತ್ತಿತ್ತು. ಕೋಳಿ ಕುಡಿದರೂ ಉಪವಾಸದ ಉಪ್ಪನ್ನೇ ಹುಡುಕಿ ಹಾಕಿಕೊಂಡ ಆ ಶ್ರದ್ಧೆಗೆ ಮೇಲಿರುವವನು ನಕ್ಕನೋ ಅತ್ತನೋ, ಬಲ್ಲವರಿಲ್ಲ.

"ಯಾವಾಗಿಂದ?" ಎಂದರು ಸಾವಿತ್ರಮ್ಮ.

"ದ್ವಿತೀಯಾದಿಂದ" ಎಂದರು ರಾಯರು ನೆಲ ನೋಡುತ್ತಾ. ಆಮೇಲೆ, "ಲಡಾಖದಾಗ ಪೋಸ್ಟಿಂಗ್ ಇದ್ದಾಗ ಒಮ್ಮೆ ಜ್ವರ ಬಂದಿತ್ತು. ಪ್ರಾಣ ಉಳಸಲಿಕ್ಕೆ ಇದನ್ನ ಕೊಟ್ಟಿದ್ರು. ಆಪದ್ಧರ್ಮ."

"ಅದು ಮೂವತ್ತು ವರ್ಷದ ಹಿಂದಿನ ಜ್ವರ. ಈಗೇನು ಬಂದದ?"

ರಾಯರು ತೋಳಿನ ಮೇಲಿನ ಶಂಖವನ್ನು ಮೆಲ್ಲಗೆ ಉಜ್ಜಿಕೊಂಡರು.

"ಏನಾತ್ರಿ ವೈನಿ?" ಎಂದು ಹಜಾರದಿಂದ ಸುಮಂಗಲಾ ಕೂಗಿದರು. ಅವರ ಕುರ್ಚಿ ಸರಿದ ಸದ್ದು ಕೇಳಿಸಿತು.

"ಏನಿಲ್ರಿ" ಎಂದು ಸಾವಿತ್ರಮ್ಮ ಗಟ್ಟಿಯಾಗಿ ಹೇಳಿದರು. "ನಾಯಿ ಸಾರು ಚೆಲ್ಲ್ಯದ. ಭಾಳ ಹೊಟ್ಟಿಬಾಕ ಆಗ್ಯದ ಇತ್ತೀಚಿಗೆ."

ಬೆಳಗಿನಿಂದ ಹನಿ ನೀರೂ ಕಾಣದ ಕುಬೇರ ತನ್ನ ಹೆಸರಿಗೆ ಬಂದ ಈ ಅಪವಾದವನ್ನು ಕೇಳಿ ಬಾಲ ಅಲ್ಲಾಡಿಸಿತು.

ಸಾವಿತ್ರಮ್ಮ ಬಾಗಿಲು ಪೂರ್ತಿ ಮುಂದೆ ಮಾಡಿದರು. ಒಮ್ಮೆ ಗುಂಡಮ್ಮನ ಕಡೆ, ಒಮ್ಮೆ ರಾಯರ ಕಡೆ ನೋಡಿದರು.

"ಈಕಿ ಸುಳ್ಳು ಹೇಳಿ ನನ್ನ ಒಲಿ ಮುಟ್ಟಿದ್ಲು. ನೀವು ಸುಳ್ಳು ಹೇಳಿ ನನ್ನ ದೇವರನ್ನ ಮುಟ್ಟಿದ್ರಿ. ಇಬ್ಬರೊಳಗ ಯಾರನ್ನ ಬಿಡಿಸಲಿ?"

ಗುಂಡಮ್ಮನೇ ಖಾಲಿ ಡಬ್ಬಿ ಎತ್ತಿಕೊಂಡು ಮುಚ್ಚಳ ಹಾಕಿದಳು.

"ನನ್ನ ಬಿಡಸ್ರಿ ಅಮ್ಮಾರ. ನನಗ ಹುಡುಕಿದ್ರ ಇನ್ನೊಂದು ಮನಿ ಸಿಕ್ಕೀತು. ರಾಯರಿಗೆ ಈ ವಯಸ್ಸಿನಾಗ ಯಾರು ಕೆಲಸ ಕೊಡ್ತಾರ?"

ಸಾವಿತ್ರಮ್ಮನವರ ಒಣಗಿದ ತುಟಿಯ ಒಂದು ಕೊನೆ ಅಲುಗಿತು. ನಗುವೋ ಅಳುವೋ ತಿಳಿಯುವ ಮೊದಲೇ ನಿಂತಿತು. "ನೀ ಮನಿಗೆ ಹೋಗು" ಎಂದರು. "ಹೊಟ್ಟಿಗೆ ನೀರಿಲ್ಲ, ತಲಿ ಓಡವಲ್ದು. ನಾಳೆ ನೋಡೋಣ."

ಆ ಸಂಜೆ ಗುಂಡಮ್ಮ ಒಲೆಯ ಮುಂದೆ ಕೂತು ಯೋಚಿಸಿದಳು. ನಾಳೆ ಬಾಗಿಲು ತೆರೆಯುತ್ತದೋ ಇಲ್ಲವೋ. ಸುಮಂಗಲಾ ಅವರ ಕಿವಿಗೆ ಬಿದ್ದರೆ ನಲವತ್ತು ಬಾಗಿಲೂ ಹೋದಂತೆ.

"ಕೆಲಸ ಹೋಗಾಕತ್ತೈತಿ, ನೀ ಕಾಲು ಸುಡಾಕತ್ತೀಯಲ್ಲ" ಎಂದ ಮೌನಪ್ಪ.

"ನಾಯಿ ಏನು ತಪ್ಪು ಮಾಡೈತಿ?" ಎಂದು ಅವಳು ಗಡಿಗೆಗೆ ತಣ್ಣೀರು ಹಾಕಿದಳು. ಅಂದು ನೊರೆಯನ್ನು ಎಂದಿಗಿಂತ ಹೆಚ್ಚು ಸಲ ತೆಗೆದಳು. ಉರಿಯನ್ನು ಎಂದಿಗಿಂತ ಸಣ್ಣದು ಮಾಡಿದಳು.

ದ್ವಾದಶಿಯ ಬೆಳಗ್ಗೆ ಆರಕ್ಕೆ ಡಬ್ಬಿ ಹಿಡಿದು ಹೋಗಿ ಕರೆಗಂಟೆ ಒತ್ತಿದಳು. ಒಳಗೆ ಹೆಜ್ಜೆ ಬಂದು ನಿಂತಿತು. ಆಮೇಲೆ ಬಾಗಿಲು ತೆರೆಯಿತು. ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡ ಸಾವಿತ್ರಮ್ಮ. ಅವರ ಹಿಂದೆ ಹಜಾರದಲ್ಲಿ ರಾಯರು ಮಣೆಯ ಮೇಲೆ, ಖಾಲಿ ಬಾಳೆಲೆಯ ಮುಂದೆ, ಉಪವಾಸ ಬಿಡುವ ಪಾರಣೆಗೆ ಕೂತಿದ್ದರು.

"ಅದನ್ನ ತಲಬಾಗಲದಿಂದನ ತಗೊಂಡು ಬಾ" ಎಂದರು ಸಾವಿತ್ರಮ್ಮ. "ಮೊದಲ ಅವಂಗ ಹಾಕು. ಈ ಮನಿ ಗಂಡಸರೊಳಗ ನಿನ್ನೆ ಖರೇ ಏಕಾದಶಿ ಮಾಡಿದವ ಅಂವ ಒಬ್ಬನ. ಅವಂದು ಪಾರಣಿ ಆಗಲಿ, ಆಮ್ಯಾಲೆ ಉಳದವರದು."

ಗುಂಡಮ್ಮ ಡಬ್ಬಿ ಹಿಡಿದು ದೇವರಮನೆಯ ಮುಂದಿನಿಂದಲೇ ಹಾದುಹೋದಳು. ಒಳಗೆ ದೀಪ ಮೊದಲಿನಂತೆಯೇ ಉರಿಯುತ್ತಿತ್ತು.

"ಸಾವಿತ್ರಿ" ಎಂದರು ರಾಯರು, ಗೋಡೆಯ ಗಡಿಯಾರ ನೋಡುತ್ತಾ. "ದ್ವಾದಶಿ ಏಳು ಇಪ್ಪತ್ತಕ್ಕ ಮುಗೀತದ. ಅಷ್ಟರೊಳಗ ಪಾರಣಿ ಆಗಬೇಕು."

"ಮುಗೀಲಿ. ಗುಂಡಮ್ಮ, ಅಂವ ಕುಡದ ಮ್ಯಾಲೆ ಕೈ ತೊಳಕೊಂಡು ಒಳಗ ಬಾ. ಹೆಸರುಬ್ಯಾಳಿ ನೆನಿಸಿಟ್ಟೀನಿ, ಒಲಿ ಮ್ಯಾಲೆ ಇಡು."

ಗುಂಡಮ್ಮ "ಹೂಂನ್ರಿ" ಎಂದು ಬಾಲ್ಕನಿಯಲ್ಲಿ ಕುಕ್ಕರಗಾಲಲ್ಲಿ ಕೂತು ಬಟ್ಟಲಿಗೆ ಸಾರು ಸುರಿದಳು. ಕುಬೇರ ಒಂದು ಗುಟುಕು ಕುಡಿದು, ತಲೆ ಎತ್ತಿ ಬೆಳಗಿನ ಗಾಳಿ ಮೂಸಿತು. ಮತ್ತೊಂದು ಗುಟುಕು ಕುಡಿದು, ಹಜಾರದ ಕಡೆ ತಿರುಗಿ ರಾಯರನ್ನು ನೋಡಿತು. ಅದಕ್ಕೆ ಅವಸರವೇನೂ ಇರಲಿಲ್ಲ.